ಮೋಟರ್ ಹೋಮ್ ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ಮೋಟರ್ ಹೋಮ್, ಅಂದರೆ ಒಳಗೇ ಹಾಸಿಗೆ, ಒಲೆ, ಟಾಯ್ಲೆಟ್ ಇರುವ ಗಾಡಿ, ಕೊಳ್ಳಲು ಹೊರಟವರು ಮೊದಲು ಕೇಳುವುದು ಮೈಲೇಜ್ ಎಷ್ಟು ಅಂತ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗುತ್ತೀರಿ? ಇನ್ಶೂರೆನ್ಸ್, ತೆರಿಗೆ, ನಿಲ್ಲಿಸುವ ಜಾಗದ ಬಾಡಿಗೆ, ಸರ್ವಿಸ್, ಸಾಲದ ಬಡ್ಡಿ, ವರ್ಷ ವರ್ಷ ಇಳಿಯುವ ಮಾರಾಟದ ಬೆಲೆ, ಇವು ಯಾವುದೂ ಗಾಡಿ ಅಲ್ಲಾಡದೆ ನಿಂತಿದ್ದರೂ ತಪ್ಪುವುದಿಲ್ಲ. ಎಲ್ಲವನ್ನೂ ಕೂಡಿಸಿ ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ. 15 ರಾತ್ರಿ ಬಳಸುವವರಿಗೆ ಒಂದು ರಾತ್ರಿಗೆ ಬೀಳುವ ಖರ್ಚು, 60 ರಾತ್ರಿ ಬಳಸುವವರಿಗೆ ಬೀಳುವುದರ ನಾಲ್ಕು ಪಟ್ಟು. ಇಂಧನ ಇದರ ಮೇಲೆ ಬೇರೆ. ಬೆಲೆ ಅತಿ ಜೋರಾಗಿ ಇಳಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಹಾಗಾಗಿ ನಾಲ್ಕೈದು ವರ್ಷ ಹಳೆಯದಾದರೂ ಒಳಗೆ ಒಣಗಿರುವ ಗಾಡಿ ಸಿಕ್ಕರೆ ಹೊಸದಕ್ಕಿಂತ ಅದೇ ವಾಸಿ.

ಒಳಗೆ ಒಣಗಿರುವುದು ಎಂಬ ಮಾತನ್ನು ಒತ್ತಿ ಹೇಳಬೇಕು. ಎಂಜಿನ್ ಕೆಟ್ಟರೆ ರಿಪೇರಿ ಆಗುತ್ತದೆ. ಆದರೆ ಗೋಡೆಯೊಳಗೆ ನೀರು ಇಳಿದರೆ ಗಾಡಿಯ ಬೆಲೆಯೇ ಹೋಗುತ್ತದೆ. ಬಹಳಷ್ಟು ಮೋಟರ್ ಹೋಮ್‌ಗಳ ಗೋಡೆಯೆಂದರೆ ಹೊರಗೆ ತೆಳು ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ನಡುವೆ ಥರ್ಮೋಕೋಲ್‌ನಂಥ ಫೋಮ್ ಮತ್ತು ಮರದ ರೀಪು, ಒಳಗೆ ತೆಳು ಪ್ಲೈವುಡ್. ಎಲ್ಲವನ್ನೂ ಅಂಟಿನಿಂದ ಹಿಡಿದಿಟ್ಟಿರುತ್ತಾರೆ. ಚಾವಣಿಯ ಅಂಚು, ಸ್ಕೈಲೈಟ್, ಕಿಟಕಿಯ ಚೌಕಟ್ಟು, ಮೇಲಿನ ಪುಟ್ಟ ಮಾರ್ಕರ್ ಲೈಟು, ಹೀಗೆ ಎಲ್ಲೆಲ್ಲಿ ತೂತು ಕೊರೆದಿದ್ದಾರೋ ಅಲ್ಲೆಲ್ಲ ಸಂದು ಮುಚ್ಚುವ ಅಂಟು, ಅಂದರೆ ಸೀಲೆಂಟ್, ಒಂದೇ ಕಾವಲು. ಗಾಡಿ ಓಡುವಾಗ ಇಡೀ ಪೆಟ್ಟಿಗೆ ತಿರುಚಿಕೊಳ್ಳುತ್ತದೆ, ಬಿಸಿಲಿಗೆ ಸೀಲೆಂಟ್ ಗಡುಸಾಗಿ ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ಒಳಗಿನ ಮರ ಸದ್ದಿಲ್ಲದೆ ಕೊಳೆಯತೊಡಗುತ್ತದೆ.

ಪತ್ತೆ ಮಾಡುವುದು ಹೀಗೆ. ಮೇಲಿನ ಕಪಾಟುಗಳನ್ನು ತೆರೆದು, ಚಾವಣಿಯೂ ಗೋಡೆಯೂ ಸೇರುವ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಕಿಟಕಿಗಳ ಕೆಳಮೂಲೆ, ಹಾಸಿಗೆಯಡಿಯ ಡಬ್ಬಗಳ ಹಿಂಬದಿ ಬಿಡಬೇಡಿ. ಗಟ್ಟಿಯಾಗಿರಬೇಕಾದ ಕಡೆ ರಟ್ಟಿನಂತೆ ಒಳಕ್ಕೆ ಬಗ್ಗಿದರೆ, ವಾಲ್‌ಪೇಪರ್ ಅಲೆಯಂತೆ ಎದ್ದಿದ್ದರೆ, ಬಾಗಿಲು ತೆರೆದ ಕ್ಷಣ ಮುಗ್ಗಲು ವಾಸನೆ ಹೊಡೆದರೆ, ಅಲ್ಲಿ ನೀರಿದೆ. ಜೊತೆಗೆ ತೇವ ಅಳೆಯುವ ಮೀಟರ್ ಇರಲಿ. ಶೇ. 15ರ ಒಳಗಿದ್ದರೆ ಸರಿ. 20 ದಾಟಿದರೆ ಕಾರಣ ಹುಡುಕಬೇಕು. 30ರ ಮೇಲೆ ತೋರಿಸಿದರೆ ಮರ ಆಗಲೇ ಹಾಳಾಗಿರುವ ಸಂಭವ ಹೆಚ್ಚು, ಆ ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ. ನೀರು ಒಳಬಂದ ಜಾಗವೂ ಕಾಣಿಸಿಕೊಂಡ ಜಾಗವೂ ಒಂದೇ ಆಗಿರಬೇಕೆಂದಿಲ್ಲ. ರೀಪಿನ ಉದ್ದಕ್ಕೂ ಹರಿದು ಒಂದೆರಡು ಮೀಟರ್ ಆಚೆ ಇಳಿದಿರಬಹುದು.

ನಿಮ್ಮದೇ ಗಾಡಿಯಾದ ಮೇಲೆ ಆರು ತಿಂಗಳಿಗೊಮ್ಮೆ ಏಣಿ ಹಾಕಿ ಚಾವಣಿ ನೋಡಲೇಬೇಕು. ಹಳೆ ಸೀಲೆಂಟ್ ಮೇಲೆ ಹೊಸದನ್ನು ಬಳಿದರೆ ಬಿರುಕು ಮುಚ್ಚಿದಂತೆ ಕಾಣುತ್ತದೆ ಅಷ್ಟೇ, ನೀರು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಹಳೆಯದನ್ನು ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸದು ಹಾಕಿ. ಬಚ್ಚಲುಮನೆಗೆ ಬಳಸುವ ಸಿಲಿಕೋನ್ ಬೇಡ. ಅದು ಬಿಟ್ಟ ಜಿಡ್ಡಿನ ಮೇಲೆ ಮುಂದೆ ಯಾವ ಸೀಲೆಂಟೂ ಸರಿಯಾಗಿ ಹಿಡಿಯುವುದಿಲ್ಲ. ಚೌಕಟ್ಟಿನ ಅಡಿಗೆ ಬ್ಯೂಟೈಲ್ ಟೇಪ್ ಎಂಬ ಮೆತ್ತನೆಯ ರಬ್ಬರ್ ಅಂಟುಪಟ್ಟಿ, ಮೇಲೆ ಚಾವಣಿಯ ವಸ್ತುವಿಗೆ ಹೊಂದುವ ಸೀಲೆಂಟ್, ಇದೇ ಸರಿಯಾದ ಕ್ರಮ.

ನೀರಿನ ನಂತರ ನೋಡಬೇಕಾದ ಎರಡನೆಯದು ತೂಕ. ಇದನ್ನು ಕೊಳ್ಳುವಾಗ ಯಾರೂ ಲೆಕ್ಕ ಹಾಕುವುದಿಲ್ಲ. ತಯಾರಕರು ಗಾಡಿಗೆ ಹಾಕಿರುವ ತೂಕದ ಪ್ಲೇಟಿನಲ್ಲಿ ಒಟ್ಟು ತೂಕದ ಮಿತಿಯ ಜೊತೆಗೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ (ಚಕ್ರದ ಅಚ್ಚುಗಳ) ಮಿತಿಯೂ ಬೇರೆ ಬೇರೆ ಬರೆದಿರುತ್ತದೆ. 100 ಲೀಟರ್ ನೀರು ತುಂಬಿದರೆ 100 ಕಿಲೋ ಅಲ್ಲೇ ಹೋಯಿತು. ಹಿಂಬದಿಯ ಡಿಕ್ಕಿಯಲ್ಲಿ ಇಟ್ಟ ಸಾಮಾನಿನ ಲೆಕ್ಕವಂತೂ ಕಣ್ಣು ತಪ್ಪಿಸುತ್ತದೆ. ಎರಡು ಆಕ್ಸಲ್‌ಗಳ ನಡುವಿನ ದೂರ 4 ಮೀಟರ್ ಅಂತಿಟ್ಟುಕೊಳ್ಳಿ. ಹಿಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಆಚೆ 100 ಕಿಲೋ ಸಾಮಾನು ಇಟ್ಟರೆ, ಸನ್ನೆಗೋಲಿನಂತೆ ಹಿಂದಿನ ಆಕ್ಸಲ್ ಮೇಲೆ ಬೀಳುವ ಭಾರ 137.5 ಕಿಲೋ, ಮುಂದಿನದು 37.5 ಕಿಲೋ ಹಗುರ. ಮುಂದಿನ ಚಕ್ರದಿಂದ ಎಳೆಯುವ ಗಾಡಿಯಾದರೆ ಒದ್ದೆ ಹುಲ್ಲಿನ ಮೇಲೆ ಚಕ್ರ ಸುಮ್ಮನೆ ತಿರುಗುವುದಕ್ಕೆ ಇದೂ ಒಂದು ಕಾರಣ. ಜನ, ನೀರು, ಗ್ಯಾಸ್, ಇಂಧನ ಎಲ್ಲ ತುಂಬಿಕೊಂಡು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಹತ್ತಿಸಿ, ಒಂದೊಂದು ಆಕ್ಸಲನ್ನೂ ಬೇರೆಯಾಗಿ ತೂಗಿಸಿ. ಟೈರಿನ ಗಾಳಿಯನ್ನೂ ಆ ತೂಕಕ್ಕೆ ತಕ್ಕಂತೆಯೇ ತುಂಬಬೇಕು.

ಟೈರು ಇಲ್ಲಿ ಸವೆಯುವುದಕ್ಕಿಂತ ಮೊದಲೇ ಮುದಿಯಾಗುತ್ತದೆ. ಬದಿಯಲ್ಲಿ ಕಡೆಯ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ ಮೇಲೆ ಬದಿಯ ಬಿರುಕುಗಳನ್ನು ಆಗಾಗ ನೋಡುತ್ತಿರಿ, ನೆಲಕ್ಕೆ ತಾಗುವ ಭಾಗದ ಪಟ್ಟೆ ಎಷ್ಟೇ ಆಳವಿದ್ದರೂ ಬದಲಾಯಿಸಲು ದುಡ್ಡು ಎತ್ತಿಡಿ. ಎಂಜಿನ್ನಿನ ಟೈಮಿಂಗ್ ಬೆಲ್ಟಿಗೂ ಕಿಲೋಮೀಟರ್ ಜೊತೆಗೆ ವರ್ಷದ ಗಡುವಿರುತ್ತದೆ.

ಒಳಗಿನ ದೀಪ, ಪಂಪ್ ನಡೆಸುವ ಬ್ಯಾಟರಿಯ ವಿಷಯದಲ್ಲಿ ಬರೆದಿರುವ ಅಂಕಿ ನಂಬಿ ಮೋಸ ಹೋಗುವವರೇ ಹೆಚ್ಚು. 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಬಾಳಿಕೆಗೆ ಧಕ್ಕೆಯಾಗದಂತೆ ಬಳಸಬಹುದಾದದ್ದು ಸುಮಾರು 50. ಏನೂ ಓಡಿಸದೆ ಕೆಲವು ಗಂಟೆ ಬಿಟ್ಟು ಅಳೆದಾಗ 12.7 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ, 12.2ಕ್ಕೆ ಬಂದರೆ ಅರ್ಧ ಖಾಲಿ. ಲಿಥಿಯಂ ಐರನ್ ಫಾಸ್ಫೇಟ್ ತೆಗೆದುಕೊಂಡರೆ ಹೆಚ್ಚೂಕಡಿಮೆ ಪೂರ್ತಿ ಬಳಸಬಹುದು, ತೂಕವೂ ಕಡಿಮೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ.

ನೀರಿನ ಪಂಪ್ ಮಾತ್ರ ತನ್ನ ಕಷ್ಟ ತಾನೇ ಹೇಳುತ್ತದೆ. ಎಲ್ಲ ನಲ್ಲಿ ಮುಚ್ಚಿದ್ದರೂ ರಾತ್ರಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅದು ಟರ್ ಅಂತ ಒಂದು ಕ್ಷಣ ಓಡಿ ನಿಂತರೆ, ಪೈಪಿನಲ್ಲಿ ಒತ್ತಡ ಇಳಿಯುತ್ತಿದೆ ಎಂದರ್ಥ. ಟಿಶ್ಯೂ ಕಾಗದ ಹಿಡಿದು ಒಂದೊಂದು ಜಾಯಿಂಟನ್ನೂ ಒರೆಸಿ. ಎಲ್ಲಿ ಕಾಗದ ಒದ್ದೆಯಾಗುತ್ತದೋ ಅಲ್ಲಿ ಕ್ಲಿಪ್ ಸಡಿಲವಾಗಿದೆ. ಎಲ್ಲೂ ಒದ್ದೆಯಿಲ್ಲದಿದ್ದರೆ ಪಂಪಿನೊಳಗಿನ ವಾಲ್ವ್ ನೋಡಿಸಿ. ನೀರು ಹೆಪ್ಪುಗಟ್ಟುವ ಚಳಿಯಿರುವ ಕಡೆ, ನಿಲ್ಲಿಸುವ ಮುಂಚೆ ಟ್ಯಾಂಕು ಮತ್ತು ಬಾಯ್ಲರ್ ಬರಿದು ಮಾಡಿ, ಬಿಸಿನೀರು ತಣ್ಣೀರು ಎರಡೂ ಬರುವ ನಲ್ಲಿಗಳನ್ನು ನಡುವಿನಲ್ಲಿ ತೆರೆದಿಡಿ. ಗ್ಯಾಸ್ ಬಗ್ಗೆ ಎರಡೇ ಮಾತು: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ಹೊರಹೋಗಲು ನೆಲದಲ್ಲಿ ಬಿಟ್ಟಿರುವ ಕಿಂಡಿಯನ್ನು ಚಳಿಗೆಂದು ಮುಚ್ಚಬೇಡಿ, ಗ್ಯಾಸ್ ಸರಿಯಾಗಿ ಉರಿಯದಾಗ ಹುಟ್ಟುವ ವಾಸನೆಯಿಲ್ಲದ ವಿಷಾನಿಲವನ್ನು ಪತ್ತೆ ಮಾಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ.

ಇಷ್ಟೆಲ್ಲ ಖರ್ಚು, ಇಷ್ಟೆಲ್ಲ ಕಾಳಜಿ ಯಾತಕ್ಕೆ? ಹೋಟೆಲ್ ದುಡ್ಡು ಉಳಿಯುತ್ತದೆ ಎಂದುಕೊಂಡು ಕೊಂಡರೆ ಆ ಲೆಕ್ಕ ಬಹುಪಾಲು ಜನರಿಗೆ ಕೂಡಿಬರುವುದಿಲ್ಲ. ಸಿಗುವುದು ಬೇರೆಯದೇ. ಮಂಡಿ ನೋವಿರುವ ಹಿರಿಯರಿಗೆ ದಾರಿಯುದ್ದಕ್ಕೂ ನಾಲ್ಕು ಹೆಜ್ಜೆ ದೂರದಲ್ಲಿ ಶುಚಿಯಾದ ಟಾಯ್ಲೆಟ್ ಇರುತ್ತದೆ. ಇನ್ಸುಲಿನ್ ಇಡಲು ಫ್ರಿಜ್ ಇರುತ್ತದೆ. ಮಗು ಊರು ಬದಲಾದರೂ ಹಾಸಿಗೆ ಬದಲಾಗದೆ ನಿದ್ದೆ ಮಾಡುತ್ತದೆ. ಪಥ್ಯ ಇರುವವರು ತಮ್ಮ ಒಲೆಯಲ್ಲೇ ಬೇಯಿಸಿಕೊಳ್ಳುತ್ತಾರೆ. ಜಾಗ ಹಿಡಿಸಿದರೆ ಇನ್ನೊಂದು ದಿನ ಉಳಿಯಬಹುದು, ಹಿಡಿಸದಿದ್ದರೆ ಹೊರಡಬಹುದು. ಬೆಳಗಿನ ಮೊದಲ ಬೆಳಕಿಗೆ ಪರದೆ ಸರಿಸಿದರೆ ಕೆರೆಯೋ ಬೆಟ್ಟವೋ ಕಿಟಕಿಯಲ್ಲೇ ಇರುತ್ತದೆ, ಕೈಯಲ್ಲಿ ಬಿಸಿ ಲೋಟ ಇರುತ್ತದೆ. ಇದು ಬೇಕೆನಿಸುವವರಿಗೆ ಆ ಖರ್ಚು ಖಂಡಿತ ದಂಡವಲ್ಲ.

ಬೇಕೋ ಬೇಡವೋ ತಿಳಿಯಲು, ಕೊಳ್ಳಬೇಕೆಂದಿರುವ ಒಳವಿನ್ಯಾಸದ್ದೇ ಗಾಡಿಯನ್ನು ಒಂದು ವಾರ ಬಾಡಿಗೆಗೆ ತೆಗೆದುಕೊಳ್ಳಿ, ಅದೂ ಮಳೆಗಾಲದಲ್ಲಿ. ದಿನಾ ರಾತ್ರಿ ಊಟದ ಮೇಜು ಇಳಿಸಿ ಹಾಸಿಗೆ ಮಾಡುವುದು ನಾಲ್ಕನೇ ದಿನಕ್ಕೆ ಬೇಸರ ತಂದರೆ, ಕಾಯಂ ಹಾಸಿಗೆ ಇರುವ ಗಾಡಿಯನ್ನೇ ಹುಡುಕಿ.