ಸ್ವಿಂಗ್ ರಿಪೇರಿ, ಏಳನೇ ವಾರ: ಟವೆಲ್ ಈಗ ನಾಲ್ಕು ಇಂಚಿಗೆ ಬಂದಿದೆ

ನನ್ನ ಗಾಲ್ಫ್ ಸ್ವಿಂಗ್, ಅಂದ್ರೆ ಕ್ಲಬ್ (ಗಾಲ್ಫ್ ಕೋಲು) ಬೀಸೋ ರೀತಿ, ಸರಿ ಮಾಡ್ಕೊಳ್ತಿರೋ ಏಳು ವಾರದ ಲೆಕ್ಕ ಒಂದೇ ಕಡೆ ಬರೆದಿಡೋಣ ಅಂತ ಕೂತೆ. ನನ್ನ ತೊಂದರೆ ಏನಂದ್ರೆ ಅದೇ 7 ಐರನ್ (ಮಧ್ಯಮ ದೂರಕ್ಕೆ ಹೊಡೆಯೋ ಕ್ಲಬ್), ಅದೇ ಸ್ವಿಂಗ್ ಅಂದ್ಕೊಂಡು ಹೊಡೀತೀನಿ, ಒಂದು ಬಾಲ್ ಚೆನ್ನಾಗಿ 140 ಯಾರ್ಡ್ ಹೋಗತ್ತೆ, ಮುಂದಿನದು ನೆಲಕ್ಕೆ ಮೊದ್ಲು ತಗುಲಿ 90ಕ್ಕೇ ಬಿದ್ದೋಗತ್ತೆ, ಅದರ ಮುಂದಿನದು ಬಾಲ್ ನೆತ್ತಿಗೆ ಬಡಿದು ನೆಲ ಸವರ್ಕೊಂಡು ಓಡತ್ತೆ. ಯಾವ ಬಾಲ್ ಹೆಂಗೆ ಹೋಗತ್ತೆ ಅಂತ ಮೊದ್ಲೇ ಗೊತ್ತಾಗ್ತಿರ್ಲಿಲ್ಲ, ಅದೇ ತುಂಬಾ ಬೇಜಾರು. ಕೆಟ್ಟ ಹೊಡೆತ ಪ್ರತಿ ಸಲ ಒಂದೇ ಥರ ಇದ್ರೆ ಹೆಂಗೋ ಸುಧಾರಿಸ್ಬಹುದು.

ಅದೂ ಅಲ್ದೆ ರೇಂಜಲ್ಲಿ, ಅಂದ್ರೆ ಮ್ಯಾಟ್ ಮೇಲಿಂದ ಹೊಡೆದು ಪ್ರಾಕ್ಟೀಸ್ ಮಾಡೋ ಜಾಗದಲ್ಲಿ, ಪರವಾಗಿಲ್ಲ ಅನ್ಸೋದು, ಹುಲ್ಲಿನ ಮೇಲೆ ನಿಜವಾಗಿ ಆಡೋ ಕೋರ್ಸಿಗೆ ಹೋದ್ರೆ ಎಲ್ಲಾ ಹಾಳು. ಇದಕ್ಕೆ ಉತ್ತರ ಸಿಕ್ಕಿದ್ದು ಕ್ಲಬ್ ಬ್ಯಾಗ್ ಹೊತ್ತು ಜೊತೆಗೆ ಬರೋ ಒಬ್ಬ ಕ್ಯಾಡಿ ಅಣ್ಣನಿಂದ. ಒಂಬತ್ತು ಹೋಲ್ ನನ್ನ ಜೊತೆ ನಡೆದು ಕೊನೆಗೆ ಹೇಳಿದ್ರು, "ಸಾರ್, ಮ್ಯಾಟ್ ಮೇಲೆ ಕ್ಲಬ್ ಜಾರ್ಕೊಂಡು ಬಾಲಿಗೆ ತಗಲತ್ತೆ, ಹುಲ್ಲಲ್ಲಿ ಜಾರಲ್ಲ, ಹೂತ್ಕೊಳತ್ತೆ." ಅಷ್ಟೇ ವಿಷಯ. ಬಾಲಿಗಿಂತ ಎರಡು ಇಂಚು ಹಿಂದೆ ನೆಲಕ್ಕೆ ಬಡಿದ್ರೂ ರಬ್ಬರ್ ಮ್ಯಾಟ್ ಮುಚ್ಚಾಕ್ಬಿಡತ್ತೆ, ಸದ್ದು ಕೂಡ ಚೆನ್ನಾಗೇ ಕೇಳ್ಸತ್ತೆ, ನಾನು ತಿಂಗಳುಗಟ್ಟಲೆ ಆ ಸದ್ದನ್ನೇ ನಂಬಿದ್ದೆ.

ಕೋಚ್ ಸರ್ ಎದುರಿಂದ ಮೊಬೈಲಲ್ಲಿ ವಿಡಿಯೋ ತೆಗೆದು ನಿಧಾನಕ್ಕೆ ಓಡಿಸಿ ತೋರಿಸಿದ್ರು. ಬಾಲ್ ತಗಲೋ ಹೊತ್ತಿಗೂ ನನ್ನ ತೂಕ ಎಲ್ಲಾ ಬಲಗಾಲ ಮೇಲೇ ಕೂತಿದೆ. ಇಪ್ಪತ್ತು ವರ್ಷ ಟೆನಿಸ್ ಬಾಲ್ ಕ್ರಿಕೆಟ್ ಆಡಿದ ಮೈ, ಹಿಂದಿನ ಕಾಲ ಮೇಲೆ ನಿಂತು ಪುಲ್ ಮಾಡೋದು, ಬಾಲನ್ನ ಎತ್ತೋದು, ಇದೇ ಅಭ್ಯಾಸ. ಗಾಲ್ಫಲ್ಲಿ ಐರನ್ ತಗೊಂಡಾಗ ಎತ್ತೋ ಕೆಲಸ ನಮ್ಮದಲ್ಲ, ಕ್ಲಬ್ ಮುಖಕ್ಕೆ ಇಳಿಜಾರು ಇರೋದೇ ಅದಕ್ಕೆ. ಮೊದ್ಲು ಬಾಲ್, ಆಮೇಲೆ ನೆಲ. ಚೆನ್ನಾಗಿ ಆಡೋರ ಸ್ವಿಂಗಿನ ತೀರಾ ಕೆಳಗಿನ ಜಾಗ ಬಾಲಿಂದ ಮೂರ್ನಾಕು ಇಂಚು ಮುಂದೆ ಇರತ್ತೆ, ನಂದು ಹಿಂದೆ ಇತ್ತು, ಅದೂ ದಿನಕ್ಕೊಂದು ಕಡೆ.

ಮೊದಲ ಎರಡು ವಾರ ಟವೆಲ್ ಡ್ರಿಲ್ ಬಿಟ್ಟು ಬೇರೇನೂ ಮಾಡ್ಲಿಲ್ಲ. ಕೈ ಒರೆಸೋ ಟವೆಲ್ ಮಡಚಿ ಬಾಲಿಂದ ಅರ್ಧ ಅಡಿ ಹಿಂದೆ ಹಾಕೋದು, ಇಳಿದು ಬರುವಾಗ ಕ್ಲಬ್ ಅದಕ್ಕೆ ತಗಲ್ಬಾರ್ದು. ಮೊದಲ ದಿನ 20ರಲ್ಲಿ 13 ಸಲ ಟವೆಲ್ ಹಾರಿತ್ತು. ಪೂರ್ತಿ ಸ್ವಿಂಗ್ ಬಿಟ್ಟು ಅರ್ಧ ಸ್ವಿಂಗಿಗೆ ಇಳಿದೆ, ಗಡಿಯಾರದಲ್ಲಿ 9ರಿಂದ 3ರವರೆಗೆ ಕೈ ಹೋದಷ್ಟು. ಹೊಡೆದಾದ್ಮೇಲೆ ಬಲಗಾಲ ಹಿಮ್ಮಡಿ ಎತ್ತಿ ಬರೀ ಎಡಗಾಲ ಮೇಲೆ ಮೂರು ಎಣಿಸೋವರೆಗೂ ನಿಲ್ಬೇಕು, ನಿಲ್ಲಕ್ಕಾಗ್ಲಿಲ್ಲ ಅಂದ್ರೆ ತೂಕ ಮುಂದಕ್ಕೆ ಬಂದಿಲ್ಲ ಅಂತ ಅರ್ಥ, ಬಾಲ್ ಎಷ್ಟು ಚೆನ್ನಾಗಿ ಹೋಗಿದ್ರೂ ಲೆಕ್ಕಕ್ಕಿಲ್ಲ. ಎರಡನೇ ವಾರದ ಕೊನೆಗೆ 20ರಲ್ಲಿ 6 ಸಲ ಮಾತ್ರ ಟವೆಲಿಗೆ ತಗುಲ್ತು.

ಮೂರನೇ ವಾರ ಎರಡೂ ಪಾದ ಜೋಡಿಸಿ ನಿಂತು ಹೊಡೆಯೋ ಡ್ರಿಲ್. ಜೋರು ಹಾಕಿದ್ರೆ ಮುಗ್ಗರಿಸ್ತೀವಿ, ಹಂಗಾಗಿ ಮೈ ತಾನೇ ಲಯಕ್ಕೆ ಬರತ್ತೆ. ಇದು ನನಗೆ ಬೇಗ ಒಗ್ತು.

ನಾಲ್ಕನೇ ವಾರ ದಿಕ್ಕಿನ ಕೆಲಸ, ಇಲ್ಲಿ ಆಶ್ಚರ್ಯ ಕಾದಿತ್ತು. ಬಾಲ್ ಬಲಕ್ಕೆ ತಿರುಗ್ತಾ ಇತ್ತು, ಗ್ರಿಪ್ (ಕ್ಲಬ್ ಹಿಡಿಯೋ ರೀತಿ) ಸರಿಯಿಲ್ಲ ಅಂತ ನಾನು ಗ್ರಿಪ್ ಬದಲಾಯಿಸ್ತಾನೇ ಇದ್ದೆ. ನರ್ಸರಿಯಿಂದ ಟೊಮ್ಯಾಟೊ ಗಿಡಕ್ಕೆ ಕಟ್ಟೋ ಎರಡು ನೇರ ಕೋಲು ತಂದು ಒಂದನ್ನ ಗುರಿ ಕಡೆಗೆ, ಇನ್ನೊಂದನ್ನ ಪಾದದ ಮುಂದೆ ಇಟ್ಟು ನೋಡಿದ್ರೆ ನಾನು ನಿಲ್ತಿದ್ದಿದ್ದೇ ಗುರಿಗಿಂತ ಸುಮಾರು ಬಲಕ್ಕೆ! ಬಾಲನ್ನ ಗುರಿಗೆ ತರಕ್ಕೆ ಕೈ ತಾನಾಗೇ ಹೊರಗಿಂದ ಒಳಕ್ಕೆ ಎಳೀತಿತ್ತು. ಬಾಲ್ ಹೊರಡೋ ದಿಕ್ಕನ್ನ ಬಹುಪಾಲು ಕ್ಲಬ್ಬಿನ ಮುಖ ನಿರ್ಧಾರ ಮಾಡತ್ತೆ, ಆಮೇಲೆ ತಿರುಗೋದು ಮುಖಕ್ಕೂ ಕ್ಲಬ್ ಬರೋ ದಾರಿಗೂ ಇರೋ ವ್ಯತ್ಯಾಸದಿಂದ. ಇದು ಅರ್ಥ ಆದ್ಮೇಲೆ ಗ್ರಿಪ್ ಮುಟ್ಟೋದು ಬಿಟ್ಟೆ, ಪಾದ ಸರಿ ಮಾಡ್ಕೊಂಡೆ.

ಅದೇ ವಾರ ಕ್ಯಾರಂ ಪೌಡರ್ ಪ್ರಯೋಗ. ಕ್ಲಬ್ ಮುಖ ಒದ್ದೆ ಬಟ್ಟೆಲಿ ಒರೆಸಿ ತೆಳ್ಳಗೆ ಪೌಡರ್ ಸವರಿದ್ರೆ ಬಾಲ್ ಎಲ್ಲಿ ತಗುಲ್ತು ಅಂತ ಗುರುತು ಬೀಳತ್ತೆ. ನಂದು ಹೆಚ್ಚಿನವು ಕ್ಲಬ್ ಮುಖದ ಹಿಮ್ಮಡಿ ಕಡೆಗೆ (ಕೋಲು ಸೇರೋ ತುದಿಗೆ), ಅಂದ್ರೆ ಸ್ವಿಂಗ್ ಮಧ್ಯದಲ್ಲಿ ಸೊಂಟ ಬಾಲಿನ ಕಡೆ ನುಗ್ತಾ ಇದೆ. ಮನೇಲಿ ಹಿಂದೆ ಒಂದು ಕುರ್ಚಿ ಇಟ್ಕೊಂಡು, ಕುಂಡೆ ಅದರಿಂದ ಬಿಡದ ಹಾಗೆ ದಿನಾ ರಾತ್ರಿ 30 ಸಲ ಬರೀ ಕೈಲಿ ಸ್ವಿಂಗ್ ಮಾಡಿದೆ.

ಐದನೇ ವಾರ ಹಿಂದಕ್ಕೆ ಜಾರಿದೆ. ಸಂಜೆ ಮಳೆ ಅಂತ ಮೂರು ದಿನ ಹೋಗ್ಲಿಲ್ಲ, ನಾಲ್ಕನೇ ದಿನ ಹೋಗಿ ಡ್ರೈವರ್ (ತುಂಬಾ ದೂರ ಹೊಡೆಯೋ ಉದ್ದ ಕ್ಲಬ್) ಎತ್ಕೊಂಡು ಜೋರಾಗಿ ಬೀಸಿದೆ, ಹಳೇದೆಲ್ಲಾ ವಾಪಸ್ ಬಂತು. ಅವತ್ತು ಮನೆಗೆ ಬಂದು 2021ರ ಆಗಸ್ಟ್ ನೆನಪಿಸ್ಕೊಂಡೆ, ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ ಒಂದೇ ಒಂದು ಸ್ಟ್ರೋಕಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಪಡೆದ ಆ ಶನಿವಾರದ ಬೆಳಗ್ಗೆ. ಬೇಗ ಎದ್ದು ಟಿವಿ ಮುಂದೆ ಕೂತಿದ್ದೆ. ಅವರು ದೂರ ಹೊಡೆಯೋರಲ್ಲ, ಜೊತೆಗಿದ್ದೋರ ಬಾಲ್ ಅವರದ್ದಕ್ಕಿಂತ ಎಷ್ಟೋ ಮುಂದೆ ಬೀಳ್ತಿತ್ತು, ಆದ್ರೂ ನಾಲ್ಕು ದಿನ, 72 ಹೋಲ್, 15 ಅಂಡರ್, ಅಂದ್ರೆ ಕೋರ್ಸಿಗೆ ನಿಗದಿಯಾದ ಹೊಡೆತಕ್ಕಿಂತ 15 ಕಮ್ಮಿ. ಈಗ ಜೋರು ಹಾಕ್ಬೇಕು ಅನ್ಸಿದಾಗೆಲ್ಲಾ ಆ ಬೆಳಗ್ಗೆ ಕಣ್ಮುಂದೆ ಬರತ್ತೆ.

ಆರನೇ ವಾರದಿಂದ 150 ಬಾಲ್ ಬಡಿಯೋದು ನಿಲ್ಲಿಸಿ 60ಕ್ಕೆ ತಂದಿದೀನಿ. ಅರ್ಧ ಡ್ರಿಲ್, ಉಳಿದ ಅರ್ಧ ಪ್ರತಿ ಬಾಲಿಗೂ ಕ್ಲಬ್ ಬದಲು, ಗುರಿ ಬದಲು, ಕೋರ್ಸಲ್ಲಿ ಇರೋ ಹಾಗೆ. ಒಂದೇ ಕ್ಲಬ್ಬಲ್ಲಿ ಸಾಲಾಗಿ ಹೊಡೆದ್ರೆ ಹತ್ತನೇ ಬಾಲ್ ಚೆನ್ನಾಗೇ ಹೋಗತ್ತೆ, ಕೋರ್ಸಲ್ಲಿ ಹತ್ತನೇದು ಅಂತ ಇರಲ್ವಲ್ಲ. ಲಯಕ್ಕೆ ಮನಸ್ಸಲ್ಲೇ ಎಣಿಸ್ತೀನಿ, ಹಿಂದಕ್ಕೆ ಒಂದು-ಎರಡು-ಮೂರು, ಕೆಳಕ್ಕೆ ನಾಲ್ಕು.

ಈ ವಾರ ಟವೆಲ್ ನಾಲ್ಕು ಇಂಚಿಗೆ ತಂದೆ, 20ರಲ್ಲಿ 15 ಕ್ಲೀನ್. ಭಾನುವಾರ ಒಂಬತ್ತು ಹೋಲ್ ಆಡಿದೆ, ಅದೇ ಕ್ಯಾಡಿ ಅಣ್ಣ ಸಿಕ್ಕಿದ್ರು. ಐದನೇ ಹೋಲಲ್ಲಿ 7 ಐರನ್ ಹೊಡೆದ್ಮೇಲೆ ಅವರು ಬಾಲ್ ಎಲ್ಲಿ ಹೋಯ್ತು ಅಂತ ನೋಡ್ಲೇ ಇಲ್ಲ, ಬಗ್ಗಿ ಹುಲ್ಲು ಎದ್ದ ಜಾಗ ಬೆರಳಲ್ಲಿ ತೋರಿಸಿದ್ರು, ಬಾಲ್ ಇದ್ದ ಕಡೆಯಿಂದ ಮುಂದಕ್ಕೆ ಶುರುವಾಗಿತ್ತು. ಎದ್ದ ಹುಲ್ಲನ್ನ ವಾಪಸ್ ಜಾಗಕ್ಕೆ ಕೂರಿಸಿ ಕಾಲಲ್ಲಿ ಒತ್ತಿ ಗುಳಿ ಇರೋ ಗ್ರೀನ್ ಕಡೆ ನಡೆದ್ವಿ.