ಗುಡ್ಡದ ಮೇಲೆ ಕಲಿತ ಶಾಸನ ಪಾಠ

ಕರ್ನಾಟಕ ವಿಶ್ವವಿದ್ಯಾಲಯ ಅಂದಕೂಡಲೇ ಎಲ್ಲರ ಬಾಯಲ್ಲಿ ಮೊದಲು ಬರುವುದು ಡಿ. ಸಿ. ಪಾವಟೆಯವರ ಹೆಸರು. ಬರಲೇಬೇಕು. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದ ಅವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದರು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಈ ಕ್ಯಾಂಪಸ್ಸಿಗೆ ಪಾವಟೆನಗರ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಜ್ಞಾನಪೀಠ ಪಡೆದ ಗಿರೀಶ ಕಾರ್ನಾಡರು, ಚಂದ್ರಶೇಖರ ಕಂಬಾರರು ಇಲ್ಲಿಯ ಪದವೀಧರರು. ಕನ್ನಡ ಅಧ್ಯಯನಪೀಠವನ್ನು ಬೆಳೆಸಿದ ಆರ್. ಸಿ. ಹಿರೇಮಠರು ಮುಂದೆ ಕುಲಪತಿಯೂ ಆದರು. ಹೊಂಬಳದ ಚೆನ್ನವೀರ ಕಣವಿಯವರು ಪ್ರಸಾರಾಂಗದಲ್ಲಿ ಕೂತು ಹಳ್ಳಿಯ ಓದುಗರ ಕೈಗೆಟಕುವ ಸಣ್ಣ ಸಣ್ಣ ಪುಸ್ತಕ ತಂದರು. ಇವರ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನನಗೆ ಬರೆಯಬೇಕೆನಿಸುವುದು ಕಲ್ಲು ಓದಲು ಕಲಿಸಿದವರ ಬಗ್ಗೆ.

ಧಾರವಾಡದಲ್ಲಿ ಈ ವಿದ್ಯೆಗೆ ವಿಶ್ವವಿದ್ಯಾಲಯಕ್ಕಿಂತ ಹೆಚ್ಚು ವಯಸ್ಸು. ಕನ್ನಡ ಸಂಶೋಧನ ಸಂಸ್ಥೆ 1939ರಲ್ಲೇ ಶುರುವಾಗಿತ್ತು; ಆರ್. ಎಸ್. ಪಂಚಮುಖಿಯವರು ಅದರ ಮೊದಲ ನಿರ್ದೇಶಕರು. ಆಮೇಲೆ ಶಾಸನ ಓದುವುದರಲ್ಲಿ ಹೆಸರಾದವರು ಪಿ. ಬಿ. ದೇಸಾಯಿ, ಶ್ರೀನಿವಾಸ ರಿತ್ತಿ, ಎಂ. ಎಂ. ಕಲಬುರ್ಗಿ. ಇತಿಹಾಸದವರು, ಕನ್ನಡದವರು ಎಂಬ ಗೋಡೆ ಶಾಸನದ ಮುಂದೆ ನಿಲ್ಲುತ್ತಿರಲಿಲ್ಲ. ಶಿವಶರಣರು ಬರೀ ಪುರಾಣದವರಲ್ಲ, ಕಲ್ಲಿನಲ್ಲೂ ಇದ್ದಾರೆ ಎಂದು ಕಲಬುರ್ಗಿಯವರು ತೋರಿಸಿದ್ದು ಈ ಶಿಸ್ತಿನಿಂದಲೇ. 2015ರ ಆಗಸ್ಟ್ 30ರಂದು ಕಲ್ಯಾಣನಗರದ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅಂದಿನಿಂದ ಹಳೆಯ ವಿದ್ಯಾರ್ಥಿಗಳು ಎಲ್ಲಿ ಕೂಡಿದರೂ ಮಾತು ಅಲ್ಲಿಗೆ ಹೋಗಿ ನಿಲ್ಲುತ್ತದೆ.

ನಮಗೆ ಶಾಸನ ಓದಿಸಿದ ಗುರುಗಳು ಪುಸ್ತಕದಿಂದ ಶುರುಮಾಡುತ್ತಿರಲಿಲ್ಲ. ಮೊದಲು ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಇಳಿಸುವ ಅಚ್ಚು ತೆಗೆಯಲು ನೀರು, ಬ್ರಶ್ಶು, ಕಾಗದ. ಕಲ್ಲನ್ನು ನಾರಿನ ಬ್ರಶ್ಶಿನಿಂದ ತೊಳೆಯಬೇಕು. ತಂತಿಯ ಬ್ರಶ್ಶು ಮುಟ್ಟಿಸಬಾರದು, ಅಕ್ಷರದ ಅಂಚು ಸವೆಯುತ್ತದೆ. ನೆನೆಸಿದ ಕಾಗದವನ್ನು ಕಲ್ಲಿಗೆ ಹಾಸಿ, ನಡುವಿನಿಂದ ಅಂಚಿಗೆ ಬ್ರಶ್ಶಿನಿಂದ ಬಡಿಯುತ್ತ ಹೋಗಬೇಕು. ಗಾಳಿ ಒಳಗುಳಿದರೆ ಆ ಜಾಗದಲ್ಲಿ ಅಕ್ಷರ ಮೂಡುವುದಿಲ್ಲ. ಕಾಗದ ಅಕ್ಷರದ ತಗ್ಗಿಗೆ ಇಳಿದು ಅರ್ಧ ಆರಿದಾಗ, ಅರಿವೆ ಸುತ್ತಿದ ಹತ್ತಿಯ ಉಂಡೆಯಿಂದ ಮಸಿ ತಟ್ಟಬೇಕು. ಮಸಿಯನ್ನು ಮೊದಲು ತಟ್ಟೆಯ ಮೇಲೆ ತಟ್ಟಿ ಹದ ನೋಡದೆ ನೇರ ಕಾಗದಕ್ಕೆ ಒತ್ತಿದರೆ ತಗ್ಗಿಗೂ ಇಳಿದು ಅಕ್ಷರವೇ ಮುಳುಗುತ್ತದೆ. ಕಾಗದ ಹಸಿ ಇದ್ದರೆ ಮಸಿ ಹರಡುತ್ತದೆ. ಪೂರ್ತಿ ಆರಿದರೆ ಗಾಳಿಗೆ ಏಳುತ್ತದೆ. ಸರಿಯಾಗಿ ಬಂದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ. ಎಣ್ಣೆ ಹಚ್ಚಿ ಪೂಜಿಸುವ ವೀರಗಲ್ಲಿಗೆ ಕಾಗದ ಹಿಡಿಯುವುದೇ ಇಲ್ಲ. ಸುಣ್ಣ ಬಳಿದ ಕಲ್ಲಿನ ಅಕ್ಷರಗಳಂತೂ ತುಂಬಿಹೋಗಿರುತ್ತವೆ. ಬಿಡಿಸಿದ ಮೇಲೆ ಹಿಂದುಗಡೆ ಊರು, ಗುಡಿ, ಕಲ್ಲು ನಿಂತ ದಿಕ್ಕು, ಸಾಲುಗಳ ಸಂಖ್ಯೆ ಅಲ್ಲೇ ಬರೆಯಬೇಕು. ಮನೆಗೆ ಹೋಗಿ ಬರೆದರಾಯಿತು ಎಂದವರ ಅಚ್ಚು ಎಷ್ಟೋ ಸಲ ಯಾವ ಊರಿನದೆಂದೇ ತಿಳಿಯದೆ ಉಳಿದಿದೆ.

ಅಕ್ಷರಕ್ಕೆ ಸೀಮೆಸುಣ್ಣ ತುಂಬಿ ಓದುವುದನ್ನು ಗುರುಗಳು ಸಹಿಸುತ್ತಿರಲಿಲ್ಲ. ಸವೆದ ಜಾಗದಲ್ಲಿ ಸುಣ್ಣ ತುಂಬುವವನು ತನ್ನ ಊಹೆಯನ್ನೇ ತುಂಬುತ್ತಾನೆ, ಮುಂದೆ ಬಂದವನು ಅದನ್ನೇ ಶಾಸನವೆಂದು ಓದುತ್ತಾನೆ.

ತರಗತಿಯ ತುಂಟರು ಒಂದು ದಿನ ಬೋರ್ಡಿನ ಮೇಲೆ ಕ್ಯಾಂಟೀನಿನ ದಾನಶಾಸನ ಬರೆದಿಟ್ಟರು. ‘ಸ್ವಸ್ತಿ ಸಮಸ್ತಭುವನಾಶ್ರಯ’ದಿಂದ ಆರಂಭ, ಮೂಡಲು ಗ್ರಂಥಾಲಯ, ಪಡುವಲು ಹಾಸ್ಟೆಲ್ ಎಂದು ಚತುಸ್ಸೀಮೆ, ದಿನಕ್ಕೆರಡು ಚಹಾ ದತ್ತಿ, ಇದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಸಾಸಿರ ಕವಿಲೆಯಂ (ಸಾವಿರ ಹಸುಗಳನ್ನು) ಕೊಂದ ಪಾತಕ. ಕಾಲ ಶಕವರ್ಷ 1905, ದುಂದುಭಿ ಸಂವತ್ಸರ. ಗುರುಗಳು ಬಂದರು, ಗಂಭೀರವಾಗಿ ಪೂರ್ತಿ ಓದಿದರು, ಅಳಿಸಲಿಲ್ಲ. ‘ಶಕಕ್ಕ 78 ಕೂಡಸ್ರಿ’ ಅಂದರು. ಇಸವಿ 1983 ಬಂತು. ಆದರೆ 1983 ರುಧಿರೋದ್ಗಾರಿ, ದುಂದುಭಿ ಅದರ ಹಿಂದಿನದು. ತಪ್ಪು ಸಿಕ್ಕಿತೆಂದು ಎಲ್ಲರೂ ನಕ್ಕಾಗ, ‘ತಪ್ಪು ಅಂತ ಯಾಕ ಅಂತೀರಿ? ಬರದಾಂವ ವರ್ತಮಾನ ಶಕ ಹಾಕಿರಬಹುದಲ್ಲ!’ ಎಂದರು. ಮುಗಿದುಹೋದ ವರ್ಷಗಳನ್ನಷ್ಟೇ ಎಣಿಸಿದರೆ 1904, ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸಿದರೆ (ಅದೇ ವರ್ತಮಾನ ಶಕ) 1905, ಎರಡೂ ದುಂದುಭಿಯೇ. ಇಡೀ ತಾಸು ಅದರ ಮೇಲೆಯೇ ಹೋಯಿತು. ಪಠ್ಯಕ್ರಮದಲ್ಲಿ ಅಂದು ಏನಿತ್ತೋ, ಯಾರಿಗೂ ನೆನಪಿಲ್ಲ.

ಲಕ್ಕುಂಡಿಯ ಅತ್ತಿಮಬ್ಬೆಯ ಶಾಸನದಲ್ಲಿ ಶಕ 929 ಪ್ಲವಂಗ ಎಂದರೆ 1007, ಅಲ್ಲಿ ತೊಡಕಿಲ್ಲ. ತೊಡಕು ಆರನೆಯ ವಿಕ್ರಮಾದಿತ್ಯನ ಹೆಸರಿನ ಚಾಳುಕ್ಯ ವಿಕ್ರಮ ವರ್ಷದಲ್ಲಿ. ಆ ಗಣನೆ 1076ರಲ್ಲಿ ಶುರುವಾಯಿತೆಂದು 1076 ಕೂಡಿಸಿದರೆ ಒಂದು ವರ್ಷ ಮುಂದೆ ಹೋಗುತ್ತದೆ. 1076 ಎಂಬುದೇ ಮೊದಲ ವರ್ಷ, ಹಾಗಾಗಿ ಕೂಡಿಸಬೇಕಾದ್ದು 1075. 37ನೆಯ ವರ್ಷವೆಂದರೆ 1112, ನಂದನ ಸಂವತ್ಸರ. ಅಚ್ಚಾದ ಪುಸ್ತಕಗಳಲ್ಲೂ ಈ ಎಡವಟ್ಟು ಕಾಣುತ್ತದೆ. ನಮ್ಮ ಬ್ಯಾಚಿನವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ. ಆ ಹೆಮ್ಮೆ ನಮಗಿದೆ, ಇರಲಿ.

ಈಗಿನ ಹುಡುಗರು ನಮಗಿಂತ ಜಾಣರು. ಆದರೆ ಕಲ್ಲನ್ನೇ ನೋಡದೆ ಶಾಸನದ ಪ್ರಶ್ನೆಗೆ ಗೈಡಿನಿಂದ ಉತ್ತರ ಬರೆದು ಪಾಸಾಗುವ ಸ್ಥಿತಿ ಬಂದಿರುವುದು ಅವರ ತಪ್ಪಲ್ಲ. ಮೊಬೈಲಿನ ಫೋಟೋವನ್ನೂ ನಾನು ಬೇಡವೆನ್ನುವುದಿಲ್ಲ. ಎದುರಿನಿಂದ ಫ್ಲ್ಯಾಶ್ ಹಾಕಿದರೆ ಅಕ್ಷರ ಮಾಯವಾಗುತ್ತದೆ. ಬೆಳಗ್ಗೆ ಇಲ್ಲವೆ ಸಂಜೆಯ ಓರೆ ಬಿಸಿಲಿನಲ್ಲಿ, ಅಥವಾ ಪಕ್ಕದಿಂದ ಟಾರ್ಚ್ ಹಿಡಿದು ತೆಗೆದರೆ ಸವೆದ ಗೆರೆಯೂ ಎದ್ದು ಕಾಣುತ್ತದೆ. ಅಚ್ಚು ತೆಗೆಯುವುದಾದರೆ ಸಂರಕ್ಷಿತ ಗುಡಿಗಳಲ್ಲಿ ಪುರಾತತ್ವ ಇಲಾಖೆಯ ಅನುಮತಿ ಬೇಕು, ಓದಲಿಕ್ಕೆ ಬೇಕಿಲ್ಲ. ಅಣ್ಣಿಗೇರಿಯ ಅಮೃತೇಶ್ವರ, ಗದಗಿನ ತ್ರಿಕೂಟೇಶ್ವರ, ಹಾವೇರಿಯ ಸಿದ್ಧೇಶ್ವರ ಎಲ್ಲವೂ ಧಾರವಾಡದಿಂದ ಬೆಳಗ್ಗೆ ಬಸ್ಸು ಹತ್ತಿ ಸಂಜೆಗೆ ಮರಳುವಷ್ಟು ಹತ್ತಿರ. ವಿಭಾಗದವರು ವರ್ಷಕ್ಕೊಮ್ಮೆ ಹುಡುಗರನ್ನು ಕರೆದೊಯ್ಯಲಿ. ಜೊತೆಗೆ ಬಂದು ಓದಿಸಲು ಹಳೆಯ ವಿದ್ಯಾರ್ಥಿಗಳು ನಾವು ತಯಾರಿದ್ದೇವೆ.