ನಿಮ್ಮದು ಯಾವುದು?

ಹೋದ ವಾರ ಪಕ್ಕದ ಮನೆಯ ಅಜ್ಜಿ ನನ್ನನ್ನು ಒಂದು ಮಾತು ಕೇಳಿದರು. ಅವರ ಪಾಲಿಗೆ ಅದು ತೀರಾ ಸಾದಾ ಮಾತು. ನನಗೆ ಮಾತ್ರ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತುಬಿಟ್ಟಿತು.

ಆಗ ನನ್ನ ಅಡುಗೆಮನೆಯ ಮೇಜಿನ ಮೇಲೆ 5 ಮೀಟರ್ ಟಾರ್ಟನ್ ಬಟ್ಟೆ ಹಾಸಿತ್ತು. ಟಾರ್ಟನ್ ಅಂದರೆ ಸ್ಕಾಟ್ಲೆಂಡಿನ ಬಣ್ಣದ ಚೌಕಳಿ ಬಟ್ಟೆ, ಇಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು. ಅಜ್ಜಿಯ ಮೊಮ್ಮಗಳಿಗೆ ಬರುವ ತಿಂಗಳು ಮದುವೆ. ಉದ್ದ ಲಂಗ, ಅದರ ಮೇಲೆ ಬೆನ್ನಿಗೆ ಲೇಸ್ ಬಿಗಿಯುವ ಕಾರ್ಸೆಟ್. ಎರಡೂ ಟಾರ್ಟನ್ನಿನಲ್ಲೇ ಆಗಬೇಕು, ಅದನ್ನು ನಾನೇ ಹೊಲಿಯಬೇಕು ಅಂತ ಹುಡುಗಿಯ ಹಟ. ಸ್ಕಾಟ್ಲೆಂಡಿನ ಈ ಇನ್ವರ್ನೆಸ್ ಊರಿಗೆ ಬಂದು ಆರು ವರ್ಷದಲ್ಲಿ ನಾನು ಎಷ್ಟೋ ಕೋಟು, ಪ್ಯಾಂಟು ರಿಪೇರಿ ಮಾಡಿದ್ದೇನೆ. ಮದುವಣಗಿತ್ತಿಯ ಬಟ್ಟೆ ಇದೇ ಮೊದಲು. ಅಜ್ಜಿ ಬಟ್ಟೆಯ ಮೇಲೆ ಕೈಯಾಡಿಸುತ್ತಾ, "ಇದು ನಮ್ಮ ಮನೆತನದ್ದು. ನಿಮ್ಮದು ಯಾವುದು?" ಅಂದರು.

ಅವರು ಕೇಳಿದ್ದು ಟಾರ್ಟನ್. ನನ್ನ ಕಿವಿಗೆ ಬಿದ್ದದ್ದೇ ಬೇರೆ.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಬಾಗಲಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಮಷೀನ್ ಇಟ್ಟುಕೊಂಡು ಕುಬಸ ಹೊಲಿಯುತ್ತಿದ್ದಳು. ಗುಳೇದಗುಡ್ಡದ ಖಣವೇ ಜಾಸ್ತಿ ಬರುತ್ತಿತ್ತು. ಒಂದು ದಿನ ಓಣಿಗೆ ಹೊಸದಾಗಿ ಬಂದ ಹೆಂಗಸೊಬ್ಬರು ಎರಡು ಖಣ ತಂದರು. ಒಂದು ಬದನೆಕಾಯಿ ಬಣ್ಣ, ಒಂದು ಹಸಿರು. ಅವ್ವ ಅಳತೆ ತೆಗೆದುಕೊಳ್ಳಲು ಎದ್ದಳು. ಆಗ ಅವರು ಕೇಳಿದರು, "ನೀವು ಯಾವ ಪೈಕಿ?" ಅವ್ವ ಹೇಳಿದಳು. ಅವರು ಖಣಗಳನ್ನು ಮೊದಲಿದ್ದ ಮಡಿಕೆಗೆ ಸರಿಯಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. "ಆಮ್ಯಾಲ ಬರ್ತೀನಿ" ಅಂದರು. ಬರಲಿಲ್ಲ. ಅವ್ವ ಏನೂ ಮಾತಾಡಲಿಲ್ಲ. ಅಳತೆ ಟೇಪನ್ನು ತೋರುಬೆರಳಿಗೆ ಸುತ್ತುತ್ತಾ ಹೋದಳು. ಪೂರ್ತಿ ಸುತ್ತಿದ ಮೇಲೆ ಬಿಚ್ಚಿದಳು. ಮತ್ತೆ ಸುತ್ತಿದಳು.

ಇದನ್ನೆಲ್ಲ ಅಜ್ಜಿಗೆ ಹೇಗೆ ಹೇಳಲಿ? "ನಮ್ಮ ಕಡೆ ಟಾರ್ಟನ್ ಇಲ್ಲ" ಅಂದೆ, ಅಷ್ಟೇ.

"ಇಲ್ಲದಿದ್ದರೆ ಏನಂತೆ, ಒಂದನ್ನು ಆರಿಸಿಕೋ" ಅಂದರು ಅಜ್ಜಿ. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಕುರ್ಚಿ ಎಳೆದುಕೊಂಡು ಕೂತರು. ಚಹಾ ಆರಿತು, ಮಾತು ಮುಗಿಯಲಿಲ್ಲ. ಎಷ್ಟೋ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಒಂದೊಂದು ಮನೆತನಕ್ಕೆ ಒಂದೊಂದು ಟಾರ್ಟನ್ ಅನ್ನುವುದು ಅನಾದಿಕಾಲದಿಂದ ಬಂದದ್ದು ಅಂತ ನಾನು ನಂಬಿಕೊಂಡಿದ್ದೆ. ಹಾಗಲ್ಲವಂತೆ. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಮನೆತನದ ಮುಖ್ಯಸ್ಥರಿಗೆಲ್ಲ "ನಿಮ್ಮ ನಿಮ್ಮ ಟಾರ್ಟನ್ನಿನ ತುಂಡು ಕಳಿಸಿ" ಅಂತ ಬರೆದಾಗ, ತಮ್ಮದು ಯಾವುದು ಅಂತ ಕೆಲವು ಮುಖ್ಯಸ್ಥರಿಗೇ ಗೊತ್ತಿರಲಿಲ್ಲ. ಬ್ಯಾನಕ್‌ಬರ್ನ್ ಊರಿನಲ್ಲಿ ವಿಲ್ಸನ್ ಅನ್ನುವವರ ದೊಡ್ಡ ನೇಯ್ಗೆ ಮನೆ ಇತ್ತು. 1819ರ ಅವರ ಮಾದರಿ ಪುಸ್ತಕದಲ್ಲಿ ಎಷ್ಟೋ ಟಾರ್ಟನ್‌ಗಳಿಗೆ ಬರೀ ನಂಬರು. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಎಲ್ಲರಿಗೂ ತಮ್ಮದೇ ಒಂದು ಟಾರ್ಟನ್ ಬೇಕಾಯಿತು. ನೇಕಾರ ನೇಯ್ದ, ಹೆಸರು ಆಮೇಲೆ ಬಂದು ಕೂತಿತು.

ಅದನ್ನು ಕೇಳಿ ನನಗೆ ಇಳಕಲ್ ನೆನಪಾಯಿತು. ಚಿಕ್ಕಿ ಪರಾಸ, ಗೋಮಿ, ಟೋಪಿ ತೆನೆ. ಅಂಚಿಗೂ ಸೆರಗಿಗೂ ನಾವು ಇಟ್ಟುಕೊಂಡ ಹೆಸರುಗಳು ಇವು. ತೆನೆಗೆ ಜಾತಿ ಎಲ್ಲಿಂದ ಬರಬೇಕು, ಅಲ್ವಾ?

ಅಜ್ಜಿ ಹೇಳಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. 1746ರಲ್ಲಿ ನಮ್ಮ ಊರ ಪಕ್ಕದ ಕಲೋಡನ್ ಬಯಲಿನಲ್ಲಿ ಸರ್ಕಾರದ ವಿರುದ್ಧ ಎದ್ದ ಹೈಲ್ಯಾಂಡಿನವರು, ಅಂದರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನವರು, ಯುದ್ಧ ಸೋತರು. ಅದೇ ವರ್ಷ ಸರ್ಕಾರ ಅವರ ಉಡುಪನ್ನೇ ನಿಷೇಧಿಸಿತು. ಸಿಕ್ಕಿಬಿದ್ದರೆ 6 ತಿಂಗಳು ಜೈಲು, ಎರಡನೇ ಸಲ ಸಿಕ್ಕಿದರೆ 7 ವರ್ಷ ಗಡೀಪಾರು. ಕಾನೂನಿನಲ್ಲಿ ಬರೆದದ್ದು ಗಂಡಸರು, ಗಂಡುಹುಡುಗರು ಅಂತ ಮಾತ್ರ. ಹೆಂಗಸರ ಮಾತೇ ಇಲ್ಲ. 1782ರಲ್ಲಿ ನಿಷೇಧ ತೆಗೆಯುವವರೆಗೆ 36 ವರ್ಷ ಟಾರ್ಟನ್ ಉಟ್ಟು ರಾಜಾರೋಷವಾಗಿ ಓಡಾಡಬಹುದಾಗಿದ್ದವರು ಸೈನ್ಯದವರು ಮತ್ತು ಹೆಂಗಸರು. "ನಮ್ಮ ಮೈಮೇಲೆ ಉಳಿಯಿತು ಕಣಮ್ಮಾ ಇದು" ಅಂತ ಅಜ್ಜಿ ಬಟ್ಟೆಯನ್ನು ತಟ್ಟಿದರು. ಆ ಕಾಲದ ಹೆಂಗಸರು ಅರಿಸೇಡ್ ಅಂತ ಒಂದು ದೊಡ್ಡ ಹೊದಿಕೆ ಹಾಕುತ್ತಿದ್ದರಂತೆ. ಬಿಳಿ ನೆಲ, ಅಲ್ಲಲ್ಲಿ ಬಣ್ಣದ ಗೆರೆ. ಸೊಂಟಕ್ಕೆ ಬೆಲ್ಟು, ಎದೆಯ ಹತ್ತಿರ ಒಂದು ಬೆಳ್ಳಿ ಪಿನ್ನು. ಈಗಿನ ಬಿಳಿ ನೆಲದ 'ಡ್ರೆಸ್ ಟಾರ್ಟನ್'ಗಳಿಗೆ ಅದೇ ಮೂಲ.

ಭಾನುವಾರ ನಾನು ಕಲೋಡನ್‌ಗೆ ಹೋಗಿ ಬಂದೆ. ಮೊದಲೂ ಹೋಗಿದ್ದೆ, ನೆಂಟರು ಬಂದಾಗ ಫೋಟೋ ತೆಗೆಯಲು. ಈ ಸಲ ಒಬ್ಬಳೇ. ಸತ್ತವರನ್ನು ಹೂತಲ್ಲಿ ಮನೆತನದ ಹೆಸರು ಕೆತ್ತಿದ ಕಲ್ಲುಗಳಿವೆ. ನೆಟ್ಟದ್ದು 1881ರಲ್ಲಿ. ಒಂದು ಕಲ್ಲಿನ ಮೇಲೆ ಯಾರ ಹೆಸರೂ ಇಲ್ಲ, 'ಮಿಕ್ಸ್ಡ್ ಕ್ಲ್ಯಾನ್ಸ್' ಅಂತ ಇದೆ. ಎಲ್ಲರೂ ಕೂಡಿದವರು. ಯುದ್ಧದ ದಿನ ಬಟ್ಟೆ ನೋಡಿ ಯಾರು ಯಾವ ಕಡೆಯವರು ಅಂತ ಹೇಳಲು ಆಗುತ್ತಿರಲಿಲ್ಲ, ಟೋಪಿಗೆ ಸಿಕ್ಕಿಸಿದ ಬಿಳಿ ರಿಬ್ಬನ್ನಿನ ಹೂವೇ ಗುರುತು. ಆ ಕಲ್ಲಿನ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ.

ಇಲ್ಲಿ ಭೇದವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬಸ್ ಸ್ಟಾಪಿನಲ್ಲಿ ನನಗೂ ಕೆಟ್ಟ ಮಾತು ಬಿದ್ದಿವೆ. ಆದರೆ ಈ ಬಟ್ಟೆಯ ವಿಷಯದಲ್ಲಿ ಇವರು ಬಾಗಿಲು ತೆಗೆದಿಟ್ಟಿದ್ದಾರೆ. 2009ರಿಂದ ಸರ್ಕಾರದ್ದೇ ಒಂದು ಟಾರ್ಟನ್ ನೋಂದಣಿ ಇದೆ. ಹೊಸ ವಿನ್ಯಾಸ ಮಾಡಿ ಯಾರು ಬೇಕಾದರೂ ಬರೆಸಬಹುದು. ಇಲ್ಲಿನ ಸಿಖ್ಖರಿಗೆ ಸಿಂಗ್ ಟಾರ್ಟನ್ ಅಂತಲೇ ಒಂದಿದೆ. ನಮ್ಮಲ್ಲಿ ಯಾವ ಸೀರೆ ಯಾರು ಉಡಬೇಕು, ಕುಬಸ ಯಾರು ತೊಡಬಾರದು ಅನ್ನುವ ಕಾಲ ಬಹಳ ಹಿಂದಿನದೇನಲ್ಲ. ಅಳತೆ ಯಾರು ತೆಗೆಯಬೇಕು ಅನ್ನುವ ಲೆಕ್ಕ ನಾನು ಕಣ್ಣಾರೆ ಕಂಡದ್ದು.

ಇರಲಿ, ಹೊಲಿಗೆಗೆ ಬರುತ್ತೇನೆ.

ಬಟ್ಟೆ ಆರಿಸುವಾಗ ನಾನು ಕಲಿತದ್ದು ಎರಡು. ಅಂಗಡಿಯಲ್ಲಿ 'ಏನ್ಶಿಯೆಂಟ್' ಅಂದರೆ ಹಳೇ ಕಾಲದ್ದು ಅಂತಲ್ಲ. ಗಿಡಮೂಲಿಕೆಯ ಬಣ್ಣದ ಹಾಗೆ ಕಾಣುವ ತಿಳಿ ಛಾಯೆ ಅಷ್ಟೇ. ಅದೇ ಟಾರ್ಟನ್ ಗಾಢ ಬಣ್ಣದಲ್ಲಿದ್ದರೆ 'ಮಾಡರ್ನ್'. ನಮ್ಮ ಹುಡುಗಿಯ ಮೈಬಣ್ಣಕ್ಕೆ ತಿಳಿಯದು ಒಪ್ಪಿತು. ಇನ್ನೊಂದು, ತೂಕ. ಇಲ್ಲಿನ ಗಂಡಸರು ಉಡುವ ನೆರಿಗೆ ಲಂಗಕ್ಕೆ, ಅಂದರೆ ಕಿಲ್ಟ್‌ಗೆ, ಗಜಕ್ಕೆ 16 ಔನ್ಸಿನ ದಪ್ಪ ಉಣ್ಣೆ ಚೆನ್ನ, ನೆರಿಗೆ ನಿಲ್ಲುತ್ತದೆ. ಕಾರ್ಸೆಟ್‌ಗೆ ಅದು ಬೇಡ, ಹೊಲಿಗೆ ಸೇರಿದಲ್ಲೆಲ್ಲ ಗಂಟಾಗುತ್ತದೆ. ನಾವು ತಂದದ್ದು 10 ಔನ್ಸಿನದು, ಚೌಕಳಿಯೂ ಸಣ್ಣದು.

ಕಾರ್ಸೆಟ್ ಅಂದರೆ ನಮ್ಮ ಬಿಗಿ ಕುಬಸ ಅಂದುಕೊಂಡಿದ್ದೆ. ಅಲ್ಲ. ಒಳಗೆ ಎಳೆದರೂ ಹಿಗ್ಗದ ಗಟ್ಟಿ ಹತ್ತಿ ಬಟ್ಟೆ, ಅದರಲ್ಲಿ ಸಂದು ಹೊಲಿದು ಉಕ್ಕಿನ ಕಡ್ಡಿ. ಹಿಂದಿನ ಕಾಲದಲ್ಲಿ ತಿಮಿಂಗಿಲದ ಬಾಯಿಯ ಪಟ್ಟಿಗಳನ್ನು ಸೀಳಿ ಹಾಕುತ್ತಿದ್ದರು. ಬಗಲಿಗೆ ಸುರುಳಿ ಕಡ್ಡಿ, ಅದು ಪಕ್ಕಕ್ಕೂ ಬಾಗುತ್ತದೆ. ಲೇಸಿನ ತೂತುಗಳ ಪಕ್ಕಕ್ಕೆ ಚಪ್ಪಟೆ ಕಡ್ಡಿ. ನಾನು ಮಾಡಿದ್ದಕ್ಕೆ ಮುಂದೆ ಬಟ್ಟೆಯ ಒಂದು ತುಂಡು, ಅತ್ತ ಐದು, ಇತ್ತ ಐದು, ಒಟ್ಟು 11. ಒಂದೊಂದೂ ಸೊಂಟದಲ್ಲಿ ಸಣ್ಣ, ಮೇಲೆ ಕೆಳಗೆ ಅಗಲ. ಇದರ ಮೇಲೆ ಚೌಕಳಿ ಕೂಡಬೇಕು!

ಎರಡು ರಾತ್ರಿ ಬರೀ ಕಾಗದದ ಮೇಲೆ ಕಳೆದೆ. ಹೆಚ್ಚಿನ ಟಾರ್ಟನ್‌ಗಳಲ್ಲಿ ಬಣ್ಣಗಳು ಒಂದು ಗೆರೆಯವರೆಗೆ ಹೋಗಿ, ಅಲ್ಲಿಂದ ಅದೇ ಸಾಲಿನಲ್ಲಿ ಹಿಂದಕ್ಕೆ ಬರುತ್ತವೆ. ಆ ತಿರುವಿನ ಗೆರೆಯನ್ನು ಎದೆಯ ನಟ್ಟನಡುವೆ ಇಟ್ಟೆ. ಎಡಬಲ ತಾನಾಗೇ ಜೋಡಿಯಾಯಿತು. ಸೊಂಟದಲ್ಲಿ ಉದ್ದ ಗೆರೆಗಳು ಹೊಲಿಗೆಯೊಳಗೆ ಮುಳುಗಲೇಬೇಕು, ಅದಕ್ಕೆ ಮದ್ದಿಲ್ಲ. ಅಡ್ಡ ಗೆರೆ ಮಾತ್ರ ಮೈಯನ್ನು ಒಂದೇ ಮಟ್ಟದಲ್ಲಿ ಸುತ್ತಿ ಬರಬೇಕು. ಗೆರೆಗೊಂದರಂತೆ ಗುಂಡುಸೂಜಿ ಚುಚ್ಚಿ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಮಷೀನಿಗೆ ಇಟ್ಟೆ. ಎಲ್ಲಿಯಾದರೂ ಒಂದು ಎಳೆ ಹೆಚ್ಚುಕಮ್ಮಿ ಆದರೆ ಇಸ್ತ್ರಿಯ ಹಬೆ ಹಿಡಿದೆ. ಉಣ್ಣೆ ಒಳ್ಳೆಯದು, ಅಷ್ಟಕ್ಕೆ ಮಣಿಯುತ್ತದೆ.

ಮದುವೆಗೆ ಹಾಕಿಕೊಳ್ಳಲು ನನಗೂ ಒಂದು ಲಂಗದ ಬಟ್ಟೆ ತಂದೆ. ಕಡುನೀಲಿ, ನಡುವೆ ಕೆಂಪು ಗೆರೆ. ಅವ್ವನ ಇಳಕಲ್ ಸೀರೆಯ ಹಾಗೆ ಕಂಡಿತು, ತೆಗೆದುಕೊಂಡೆ. ಅದು ಯಾರ ಮನೆತನದ್ದು ಅಂತ ಕೇಳಲಿಲ್ಲ.

ನಿನ್ನೆ ಕಾರ್ಸೆಟ್ಟನ್ನು ಗೊಂಬೆಗೆ ತೊಡಿಸಿ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅವ್ವನಿಗೆ ಈಗ ಕಣ್ಣು ಮಂಜು, ಮಷೀನ್ ಬಿಟ್ಟು ನಾಲ್ಕು ವರ್ಷವಾಯಿತು. ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಎದಿ ಚಂದ ಐತಿ. ಬಗಲ ತೋರ್ಸು."

ತೋರಿಸಿದೆ.

"ಆ ಕಡಿ."

ತಿರುಗಿಸಿದೆ.

"ಒಂದ್ ಗೆರಿ ಇಳದೈತಿ ನೋಡವ್ವ ಅಲ್ಲಿ."

"ಯಾರಿಗ್ ಕಾಣ್ತೈತಿ ಬೇ? ಅದು ಕೈ ಕೆಳಗ ಬರ್ತೈತಿ."

"ನಿನಗ ಕಾಣ್ತೈತಿಲ್ಲ?"

ಫೋನ್ ಇಟ್ಟ ಮೇಲೆ ದೀಪದ ಕೆಳಗೆ ಹಿಡಿದು ನೋಡಿದೆ. ಹೌದು, ಒಂದು ಎಳೆಯಷ್ಟು ಇಳಿದಿತ್ತು. ಕಡ್ಡಿ ಹೊರಗೆ ತೆಗೆದು, ಬಗಲಿನಿಂದ ಸೊಂಟದವರೆಗೆ ಹೊಲಿಗೆ ಬಿಚ್ಚಿದೆ.